ಖಾಲಿ ರಸ್ತೆಗೆ ಎತ್ತಿದ ಬೆರಳು

ಅಮೆರಿಕದ ನೆಬ್ರಾಸ್ಕಾದಲ್ಲಿ ಜಿಲ್ಲೆಗೆ ಕೌಂಟಿ ಅನ್ನುತ್ತಾರೆ; ನಮ್ಮ ಟಾಲ್ಮನ್ ಕೌಂಟಿಯಲ್ಲಿ ಎದುರಿಗೆ ಯಾರ ಗಾಡಿ ಬಂದರೂ ಸ್ಟಿಯರಿಂಗ್ ಮೇಲಿನಿಂದ ತೋರುಬೆರಳು ಎತ್ತಿ ನಮಸ್ಕರಿಸುವುದು ರೂಢಿ. ರೈಲು ಬಂದಾಗ ತುಂಬಿದ್ದ ಊರುಗಳು ರೈಲು ಓಡಾಟ ನಿಂತ ಮೇಲೆ ಖಾಲಿಯಾದವು. ಈಗ ಜನರಿಗಿಂತ ದನಗಳೇ ಹೆಚ್ಚು; ಆಸ್ಪತ್ರೆ ಇರುವುದು ಪಕ್ಕದ ಕೌಂಟಿಯಲ್ಲಿ.

ಜನವರಿಯ ಒಂದು ಮಧ್ಯಾಹ್ನ, ಎದೆನೋವೆಂದ ಅಪ್ಪನನ್ನು ಪಿಕಪ್ ಟ್ರಕ್ಕಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟೆ. ಸುತ್ತಲೂ ಹಿಮ, ಎದುರಿಗೆ ಒಂದೂ ಗಾಡಿಯಿಲ್ಲ. ಅಪ್ಪ ಬೆರಳು ಎತ್ತಿದ.

"ಯಾರಿಗಪ್ಪಾ?"

"ಎಮಿಲ್ ಕ್ರೂಗರ್‌ಗೆ ಕಣೋ. ಇನ್ನೂ ಅದೇ ಮುರುಕಲು ಲಾರಿ ಓಡಿಸ್ತಾನೆ, ಜಿಪುಣ ನನ್ಮಗ."

ಎಮಿಲ್ ಸತ್ತು ಬಹಳ ವರ್ಷವಾಗಿತ್ತು. ಆದರೆ ದೊಡ್ಡ ಗಾಡಿಯೊಂದು ಹಾದುಹೋದಂತೆ ನಮ್ಮ ಟ್ರಕ್ ಅಲುಗಿತು. ಸ್ವಲ್ಪ ದೂರದಲ್ಲಿ ಮತ್ತೆ ಅಲುಗಿತು, ಆಮೇಲೆ ಬಿಡುವಿಲ್ಲದೆ. ಗಾಳಿಯಿರಬೇಕೆಂದು ನೋಡಿದರೆ, ಬೇಲಿಯ ಒಣಹುಲ್ಲು ಮಾತ್ರ ಮಿಸುಕಲಿಲ್ಲ.

"ಎಲ್ರೂ ವಾಪಸ್ ಬರ್ತಿದಾರಲ್ಲೋ! ನೀನೂ ಬೆರಳೆತ್ತು. ಕಾಲೇಜು ಓದಿ ಕೊಬ್ಬಿದಾನೆ ಅಂತಾರೆ."

"ಮಾತಾಡ್ಬೇಡಪ್ಪಾ, ಸುಸ್ತಾಗುತ್ತೆ."

ಇದ್ದದ್ದು ಅದೊಂದೇ ರಸ್ತೆ. ವೇಗ ಹೆಚ್ಚಿಸುವುದು ಬಿಟ್ಟು ನನಗೇನೂ ಮಾಡಲಾಗಲಿಲ್ಲ.

ಕೌಂಟಿಯ ಗಡಿ ದಾಟಿದಾಗ ಅಲುಗಾಟ ನಿಂತಿತು. ತಿರುಗಿ ನೋಡಿದರೆ ಅಪ್ಪನ ಉಸಿರೂ ನಿಂತಿತ್ತು.

ನೆಲವೆಲ್ಲ ಹಿಮದಡಿ ಕಲ್ಲಾಗಿದ್ದ ದಿನವದು. ಆಸ್ಪತ್ರೆಯ ಮುಂದೆ ಇಳಿದು ನೋಡಿದೆ: ಎದುರಿನ ಗಾಡಿಗಳು ಹಾದುಹೋಗುವ ನನ್ನ ಬದಿಯ ಬಾಗಿಲಿನ ಮೇಲೆ, ಉದ್ದಕ್ಕೂ, ಬೇಸಿಗೆಯ ಒಣ ಧೂಳು ಕೂತಿತ್ತು.