ಹೆಲ್ಮೆಟ್ ಇಲ್ಲದವರು ಐಸ್ ಮೇಲಿಲ್ಲ

"ಐಸ್ ಬಿಟ್ಟು ಹೊರಗೆ ಬನ್ನಿ."

ದನಿ ಜೋರಾಗಿರಲಿಲ್ಲ. ಆದರೂ ಕೊಯ್ವುಯೋಕಿ ಊರಿನ ಆ ಹಳೆಯ ಐಸ್ ಹಾಕಿ ಹಾಲ್‌ನಲ್ಲಿ ಎಲ್ಲರಿಗೂ ಕೇಳಿಸಿತು. ಸ್ಕೇಟ್ ಮಾಡುತ್ತಿದ್ದ ಹುಡುಗಿಯರು ಗಕ್ಕನೆ ನಿಂತರು. ಅವರ ಕೋಚ್ ಔತಿ ತಿರುಗಿದಳು. ಐಸ್ ಸುತ್ತಲಿನ ಅಡ್ಡಹಲಗೆಯ ಆಚೆ ನಿಂತಿದ್ದ ಗಡ್ಡದ ಪರೀಕ್ಷಕ ಅವಳ ತಲೆಯನ್ನೇ ನೋಡುತ್ತಿದ್ದ. ತಲೆಯ ಮೇಲಿದ್ದದ್ದು ಉಣ್ಣೆಯ ಟೋಪಿ ಮಾತ್ರ.

"ಹೆಲ್ಮೆಟ್ ಇಲ್ಲದವರು ಐಸ್ ಮೇಲಿಲ್ಲ. ಇವತ್ತಿನ ಪರೀಕ್ಷೆ ಇಲ್ಲಿಗೆ ಮುಗೀತು."

"ನಡೆಯೋಕೆ ಮುಂಚೆ ಸ್ಕೇಟ್ ಕಲಿತವಳು ನಾನು. ನನ್ನ ತಲೆಯ ಚಿಂತೆ ನಿಮಗ್ಯಾಕೆ?"

"ಬೇರೆ ಯಾರೂ ಮಾಡ್ತಿರೋ ಹಾಗೆ ಕಾಣಲಿಲ್ಲ, ಅದಕ್ಕೆ."

ಔತಿಗೆ ಕೆನ್ನೆಗೆ ಹೊಡೆದಂತಾಯಿತು. ತನ್ನ ಹುಡುಗಿಯರೆದುರು... ಅದೂ ನಿಜವನ್ನೇ ಹೇಳಿಬಿಟ್ಟನಲ್ಲ ಈ ಮನುಷ್ಯ.

ಗಂಡ ಬಿಟ್ಟುಹೋಗಿ ವರ್ಷಗಳಾಗಿದ್ದವು. ಬೆಳಿಗ್ಗೆ ಮರದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ, ಸಂಜೆ ಈ ಹಾಲ್‌ನಲ್ಲಿ ಹುಡುಗಿಯರ ತಂಡಕ್ಕೆ ತರಬೇತಿ. ಸಂಬಳವಿಲ್ಲದ ಕೆಲಸ. ಇಷ್ಟು ಕಾಲ ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ಈಗ ಹೊಸ ನಿಯಮ ಬಂದಿತ್ತು: ಪ್ರಮಾಣಪತ್ರವಿಲ್ಲದ ಕೋಚ್ ಇದ್ದರೆ ತಂಡಕ್ಕೆ ಪಂದ್ಯವಿಲ್ಲ. ಔತಿ ಪಾಸಾಗದಿದ್ದರೆ ಹುಡುಗಿಯರು ಪಕ್ಕದ ಪಟ್ಟಣದ ಗಂಡುಮಕ್ಕಳ ತಂಡ ಸೇರಬೇಕು. ಅರ್ಧಕ್ಕರ್ಧ ಮಂದಿ ಆಟವನ್ನೇ ಬಿಡುತ್ತಾರೆಂದು ಅವಳಿಗೆ ಗೊತ್ತಿತ್ತು.

ಕಂಪ್ಯೂಟರಿನಲ್ಲಿ ಓದುವ ಪಾಠಗಳನ್ನು ಕ್ಯಾಂಟೀನಿನ ಪಾತ್ರೆ ತೊಳೆದು ಬಂದು, ತೂಕಡಿಸುತ್ತಲೇ ಮುಗಿಸಿದ್ದಳು. ಐಸ್ ಮೇಲಿನ ಪರೀಕ್ಷೆಯೊಂದೇ ಬಾಕಿ. ಅದನ್ನೂ ಒಂದು ಟೋಪಿಗಾಗಿ ನಿಲ್ಲಿಸಿದ್ದ ಈ ಪರೀಕ್ಷಕ ರಿಸ್ತೊ.

ಮುಂದಿನ ಶನಿವಾರ ಇನ್ನೊಂದು ಅವಕಾಶ, ಅದೇ ಕೊನೆಯದು ಎಂದು ಹೇಳಿ ಹೋದ.

ಶನಿವಾರ ಔತಿ ಯಾರದೋ ಹಳೆಯ ಹೆಲ್ಮೆಟ್ ಬೇಡಿ ತಂದಳು. ಜೊತೆಗೆ ಏಲಕ್ಕಿ ಬನ್ನಿನ ಹಿಟ್ಟು. ಆಟ ಮುಗಿದ ಮೇಲೆ ಹುಡುಗಿಯರಿಗೆ ಬಿಸಿ ಬನ್ ಕೊಡುವುದು ಅವಳ ಪದ್ಧತಿ. ಹಾಲ್‌ನ ಪುಟ್ಟ ಅಡುಗೆಮನೆಗೆ ಹೋದರೆ ರಿಸ್ತೊ ಅಲ್ಲೇ ಓವನ್ನಿನ ಪಕ್ಕ ಬೆಚ್ಚಗೆ ಕೂತು ಕಾಫಿ ಕುಡಿಯುತ್ತಿದ್ದ.

ಮುನಿಸು ನುಂಗಿಕೊಂಡು ಔತಿ ಬನ್ನುಗಳನ್ನು ಒಳಗಿಟ್ಟಳು. ಈ ಓವನ್ನಿನ ಗಡಿಯಾರ ಕೆಟ್ಟಿದೆ, ಘಮ ಬಂದ ಕೂಡಲೇ ಆರಿಸಿಬಿಡಿ ಎಂದಳು. ಅವನು ಕಪ್ ಕೆಳಗಿಟ್ಟು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಸ್ಕೇಟ್ ಕಟ್ಟಿಕೊಳ್ಳಲು ಹೊರಟಾಗಿತ್ತು. ಯಾರ ಮಾತನ್ನಾದರೂ ಪೂರ್ತಿ ಕೇಳುವಷ್ಟು ಪುರುಸೊತ್ತು ಅವಳ ಬದುಕಿನಲ್ಲಿ ಎಲ್ಲಿತ್ತು?

ಸುಟ್ಟ ವಾಸನೆ ಬಟ್ಟೆ ಬದಲಿಸುವ ಕೋಣೆಯವರೆಗೂ ಬಂತು.

ಅವಳು ಓಡಿಬಂದಾಗ ಓವನ್ನಿನಿಂದ ಹೊಗೆ ಸೋರುತ್ತಿತ್ತು. ರಿಸ್ತೊ ಅದಕ್ಕೆ ಬೆನ್ನು ಹಾಕಿ, ನೆಮ್ಮದಿಯಾಗಿ ಪರೀಕ್ಷೆಯ ಕಾಗದ ಓದುತ್ತಿದ್ದ!

"ಹೋದ ವಾರದ ಸಿಟ್ಟು ತೀರಿಸ್ಕೊಂಡ್ರಾ? ನನ್ನ ಮೇಲೆ ತೀರಿಸ್ಕೊಳ್ಳಿ. ಮಕ್ಕಳ ತಿಂಡಿ ಮೇಲೆ ಯಾಕೆ?"

ಅವನು ದಡಬಡ ಎದ್ದು ಓವನ್ ಆರಿಸಿ ಕಿಟಕಿ ತೆರೆದ. "ತಪ್ಪಾಯ್ತು," ಎಂದನಷ್ಟೇ. ಮುಖ ಬಿಳಿಚಿಕೊಂಡಿತ್ತು.

ಇವನು ನನ್ನನ್ನು ಪಾಸು ಮಾಡುವುದಿಲ್ಲ... ಔತಿಗೆ ಖಚಿತವಾಯಿತು. ಜಗಳಕ್ಕೂ ಶಕ್ತಿ ಉಳಿದಿರಲಿಲ್ಲ. ಹೆಲ್ಮೆಟ್ ಬಿಗಿದು ಐಸ್‌ಗೆ ಇಳಿದಳು. ಉದ್ದ ಭಾಷಣ ಮಾಡಲು ಮನಸ್ಸಿಲ್ಲ. ಎರಡು ಮಾತು ಹೇಳಿ ಸೀಟಿ ಊದಿದಳು. ಹುಡುಗಿಯರು ಹಾರಿಹೋದರು. ಯಾರೂ ಸಾಲಿನಲ್ಲಿ ಕಾಯುತ್ತಾ ನಿಲ್ಲಲಿಲ್ಲ. ಬಿದ್ದವರು ನಗುತ್ತಾ ಎದ್ದರು.

ಹಿಮ್ಮುಖವಾಗಿ ಸ್ಕೇಟ್ ಮಾಡುವುದನ್ನು ತೋರಿಸುತ್ತಿದ್ದಾಗ ಹಿಂದಿನಿಂದ ಜಾರಿಬಂದ ಹುಡುಗಿಯೊಬ್ಬಳು ಅವಳ ಕಾಲಿಗೆ ಬಡಿದಳು.

ಔತಿ ಬೆನ್ನಡಿಯಾಗಿ ಬಿದ್ದಳು. ಹೆಲ್ಮೆಟ್ ಐಸ್‌ಗೆ ಅಪ್ಪಳಿಸಿ ಠಪ್ಪೆಂದಿತು.

ಕಣ್ಣು ತೆರೆದಾಗ ರಿಸ್ತೊ ಅವಳ ಪಕ್ಕ ಮಂಡಿಯೂರಿದ್ದ. ಕಾಲಲ್ಲಿ ಸಾದಾ ಶೂ, ತಲೆ ಬರಿದು.

"ಅಲ್ಲಾಡಬೇಡಿ. ಇವತ್ತು ಯಾವ ವಾರ? ನಿಮ್ಮೆದುರು ಇರೋದು ಯಾರು?"

"ಶನಿವಾರ. ಎದುರಿಗಿರೋದು ಬನ್ ಸುಟ್ಟ ಮನುಷ್ಯ."

ಹಿಂದಿನಿಂದ ಹುಡುಗಿಯರು ಒಟ್ಟಿಗೆ ಕೂಗಿದರು: "ಹೆಲ್ಮೆಟ್ ಇಲ್ಲದವರು ಐಸ್ ಮೇಲಿಲ್ಲ!"

ರಿಸ್ತೊ ತನ್ನ ತಲೆ ಮುಟ್ಟಿ ನೋಡಿಕೊಂಡ. ನಗಲಿಲ್ಲ. ಅವಳನ್ನು ಮೆಲ್ಲಗೆ ಎಬ್ಬಿಸಿ ಬೆಂಚಿನ ಮೇಲೆ ಕೂರಿಸಿದ. ತಲೆ ಸುತ್ತುತ್ತಿದೆಯೇ, ಕಣ್ಣು ಮಂಜಾಗಿದೆಯೇ ಎಂದು ಮತ್ತೆ ಮತ್ತೆ ಕೇಳಿದ. ಏನೂ ಇಲ್ಲವೆಂದು ನಂಬಿದ ಮೇಲೆಯೇ ಪಕ್ಕದಲ್ಲಿ ಕುಸಿದು ಕೂತ.

"ನಾನೂ ಹೀಗೇ ಬಿದ್ದೆ. ಮಕ್ಕಳಿಗೆ ಕಲಿಸ್ತಾ, ಬರೀ ಟೋಪಿ ಹಾಕ್ಕೊಂಡು. ಜೀವ ಉಳೀತು... ವಾಸನೆ ಮಾತ್ರ ವಾಪಸ್ ಬರಲಿಲ್ಲ. ಹೂವು, ಹೊಗೆ, ಏನೂ ಗೊತ್ತಾಗಲ್ಲ. ಅಡುಗೆಮನೆಯಲ್ಲೇ ಹೇಳೋಕೆ ಹೊರಟೆ, ನೀವು ನಿಲ್ಲಲಿಲ್ಲ."

ಎಷ್ಟು ಬಿರುಸಾಗಿ ಬೈದುಬಿಟ್ಟೆ! ಈತ ಎಲ್ಲವನ್ನೂ ನುಂಗಿಕೊಂಡು ಕಿಟಕಿ ತೆರೆದನಲ್ಲ...

"ಪಾಸಾಗಿದ್ದೀರಿ," ಎಂದ ಅವನು. "ಮಾತು ಕಡಿಮೆ, ಮಕ್ಕಳ ಓಟ ಜಾಸ್ತಿ. ಇಂಥ ಪಾಠ ನೋಡಿ ಬಹಳ ಕಾಲ ಆಗಿತ್ತು. ಹುಡುಗಿಯರನ್ನ ಇನ್ನು ಈ ತಂಡದಿಂದ ಯಾರೂ ಕದಲಿಸಲ್ಲ."

ಔತಿಯ ಕಣ್ಣು ತುಂಬಿತು. ಸಂತೋಷವೋ ದಣಿವೋ ಅವಳಿಗೇ ತಿಳಿಯಲಿಲ್ಲ.

ಹುಡುಗಿಯರು ಮನೆಗೆ ಹೋದ ಮೇಲೆ ಇಬ್ಬರೂ ಅಡುಗೆಮನೆಯಲ್ಲಿ ಕೂತರು. ರಿಸ್ತೊ ಕರಿ ಕೆರೆದು ಒಂದು ಬನ್ ಮುರಿದ.

"ಏಲಕ್ಕಿ ಘಮ ಹೇಗಿರುತ್ತೆ? ಮರೆತೇಹೋಗಿದೆ."

ಔತಿ ಅವನ ಕೈಯಿಂದ ಅರ್ಧ ಬನ್ ತೆಗೆದುಕೊಂಡು ಮೂಸಿದಳು.

"ದುಡಿದು ಸುಸ್ತಾಗಿ ಮನೆಗೆ ಬಂದಾಗ, ಯಾರೋ ಮೊದಲೇ ಒಲೆ ಹಚ್ಚಿಟ್ಟಿದ್ರೆ... ಹಾಗಿರುತ್ತೆ."

"ನಿನಗೆ ಯಾರು ಹಚ್ಚಿಡ್ತಾರೆ?"

ನೀವು ಎನ್ನುತ್ತಿದ್ದವನು ನೀನು ಎಂದಿದ್ದ. ಅವಳಿಗೆ ಅದು ಹಿತವೆನಿಸಿತು.

"ಯಾರೂ ಇಲ್ಲ."

"ನಾನು ಹಚ್ಚಿಡ್ತೀನಿ. ಸೀದುಹೋಗದ ಹಾಗೆ ನೋಡ್ಕೊಳ್ಳೋದು ಮಾತ್ರ ನೀನೇ."

"ಅಷ್ಟು ನನಗೆ ಬಿಡು," ಎಂದಳು ಔತಿ.

ಹೆಲ್ಮೆಟ್ ಇನ್ನೂ ಅವಳ ತಲೆಯ ಮೇಲೇ ಇತ್ತು. ರಿಸ್ತೊ ಕೈಚಾಚಿ, ಗದ್ದದ ಕೆಳಗಿನ ಪಟ್ಟಿಯನ್ನು ಮೆಲ್ಲಗೆ ಬಿಚ್ಚಿದ.