ಹೆಸರು ಅಳಿಸಿದ ಎಂಜಿನ್

ರೈಲು ಕಂಪನಿಗಳು ಒಂದಾದ ವರ್ಷ ಕಾರ್ನ್‌ವಾಲ್‌ನ ನಮ್ಮ ಶೆಡ್ಡಿಗೆ ಪುಟ್ಟ ಹಳೆಯ ಉಗಿ ಎಂಜಿನ್ ಬಂತು. ಅದರ ಹೆಸರು ಅಳಿಸಿ ಬಣ್ಣದಲ್ಲಿ ನಂಬರ್ ಬರೆಯುವ ಕೆಲಸ ನನ್ನದು. ಅದನ್ನು ಓಡಿಸುತ್ತಿದ್ದ ಟ್ರೆವೆನ್ನಾ ಚಳಿಗಾಲದಲ್ಲೇ ತೀರಿಕೊಂಡಿದ್ದ. ನಾನು ಕೆಲಸ ಶುರುಮಾಡಿದ ದಿನ ಮಧ್ಯಾಹ್ನ ಅವನ ಮುದಿ ಹೆಂಡತಿ ಲವ್‌ಡೇ ಎಂಜಿನ್ ನೋಡಲು ಬಂದಳು.

"ಈ ಟೀ ಕೆಟಲ್ಲಿಗೆ ಹೆಸರು ಬೇರೆ ಕೇಡು, ಅಜ್ಜಿ!" ಎಂದು ನಕ್ಕೆ.

ಅವಳು ಬಾಯ್ಲರ್ ಮೇಲೆ ಅಂಗೈ ಇಟ್ಟಳು. "ಮೆಲ್ಲಗೆ ಮಾತಾಡಪ್ಪ. ಯಜಮಾನ್ರು ಒಳಗವ್ರೆ."

ನಾನೂ ಮುಟ್ಟಿದೆ. ತಿಂಗಳುಗಳಿಂದ ಬೆಂಕಿ ಕಾಣದ ಕಬ್ಬಿಣ ಹಸುವಿನ ಮೈಯಂತೆ ಬೆಚ್ಚಗಿತ್ತು. ಒಳಗೆ ಯಾರೋ ಕೆಮ್ಮಿದರು.

ನಾಚಿಕೆಯಿಂದ ಟೋಪಿ ತೆಗೆದು, "ತಪ್ಪಾಯ್ತು" ಎಂದೆ. ಆದರೂ ಶೆಡ್ಡಿನ ಮೇಸ್ತ್ರಿ ಗದರಿದ್ದೇ ತಡ, ಅವಳೆದುರೇ ಹೆಸರು ಅಳಿಸಿ ನಂಬರ್ ಬರೆದುಬಿಟ್ಟೆ. ನಾನು ತಲೆ ಎತ್ತಲಿಲ್ಲ.

ಬೇಸಿಗೆಯಲ್ಲಿ ಎಂಜಿನ್ನನ್ನು ಗುಜರಿಗೆ ಎಳೆದೊಯ್ದರು. ಆಗಲೂ ಆ ನಂಬರಿನ ಬಣ್ಣ ಒಣಗಿರಲಿಲ್ಲ.