ನೆರೆಯವರ ಕೌದಿ

"ನಾನು ಕೌದಿ ಕೊಟ್ಟೀನ್ರಿ ಟೀಚರ್!"

ಕೃಪಾ ಎದ್ದು ನಿಂತು ಎಷ್ಟು ಜೋರಾಗಿ ಹೇಳಿದಳೆಂದರೆ, ದೇವದುರ್ಗದ ಆ ಪುಟ್ಟ ಚರ್ಚಿನ ಪಡಸಾಲೆಯಲ್ಲಿ ಕೂತಿದ್ದ ಹದಿನಾಲ್ಕು ಮಕ್ಕಳೂ ಒಟ್ಟಿಗೆ ತಿರುಗಿ ನೋಡಿದರು.

ಹೋದ ಭಾನುವಾರ ಸಂಡೇ ಸ್ಕೂಲಿನಲ್ಲಿ ಜಯಶೀಲಾ ಟೀಚರ್ ಎಲ್ಲರಿಗೂ ಒಂದು ಕೆಲಸ ಹೇಳಿದ್ದರು. ಈ ವಾರ ಪ್ರತಿಯೊಬ್ಬರೂ ತಮ್ಮ ನೆರೆಯವರಿಗೆ ಏನಾದರೂ ಒಂದು ಉಪಕಾರ ಮಾಡಬೇಕು, ಮಾಡಿ ಬಂದು ಎಲ್ಲರ ಮುಂದೆ ಹೇಳಬೇಕು. ಈಗ ಹೇಳುವ ಸರದಿ ನಡೆದಿತ್ತು. ಡೇವಿಡ ಒಂದು ಕೊಡ ನೀರು ತಂದುಕೊಟ್ಟಿದ್ದನಂತೆ. ಇನ್ನೊಬ್ಬಳು ಯಾರದೋ ಕೂಸು ಆಡಿಸಿದ್ದಳಂತೆ. ಕೊಡ ನೀರೆಲ್ಲಿ, ಕೌದಿ ಎಲ್ಲಿ! ಕೃಪಾ ಎದೆಯುಬ್ಬಿಸಿ ನಿಂತಿದ್ದಳು.

"ಕೌದಿನಾ? ಶಾಭಾಷ್! ಯಾರಿಗೆ ಕೊಟ್ಟೆವ್ವ?"

"ನೆರೆಯವರಿಗ್ರಿ."

"ಯಾವ ನೆರೆಯವರಿಗೆ?"

"ನೆರೆಯವರು ಇರೋದು ಒಂದ ಕಡೆ ಅಲ್ರಿ ಟೀಚರ್? ನಮ್ಮ ಸಾಲ್ಯಾಗ!"

ಒಂದು ಗಳಿಗೆ ಯಾರಿಗೂ ಏನೂ ತಿಳಿಯಲಿಲ್ಲ. ಮೊದಲು ತಿಳಿದದ್ದು ಡೇವಿಡನಿಗೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಹೊಳಿ ಬಂತಲ್ರಿ, ಆ ಮಂದಿಗೆ ಕೊಟ್ಟಾಳ್ರಿ ಟೀಚರ್! ನೆರೆ ಅಂದ್ರ ಈಕಿಗೆ ಹೊಳಿ!"

ಎಲ್ಲರೂ ನಕ್ಕರು. ಕೃಪಾಗೆ ನಗುವಂಥದ್ದು ಏನಿದೆ ಎಂದೇ ಅರ್ಥವಾಗಲಿಲ್ಲ. ಹತ್ತು ದಿನದ ಹಿಂದೆ ಕೃಷ್ಣಾ ನದಿ ತುಂಬಿ ಹರಿದು ದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ಅಲ್ಲಿನ ಜನರನ್ನು ಲಾರಿಯಲ್ಲಿ ಕರೆತಂದು ಅವಳ ಶಾಲೆಯಲ್ಲೇ ಇಳಿಸಿದ್ದರು. ಶಾಲೆಯ ಗೋಡೆಯ ಮೇಲೆ ಸುಣ್ಣದಲ್ಲಿ ದೊಡ್ಡದಾಗಿ 'ನೆರೆ ಪರಿಹಾರ ಕೇಂದ್ರ' ಎಂದು ಬರೆದಿದ್ದರು. ನೆರೆ ಅಂದರೆ ಹೊಳೆ ತುಂಬಿ ಬರುವುದು ಎಂದು ಹೆಡ್‌ಮಾಸ್ತರರೇ ಹೇಳಿದ್ದರು. ಹಾಗಾದರೆ ನೆರೆಯವರು ಅಂದರೆ ಮತ್ತೆ ಯಾರು?

ಟೀಚರ್ ಮಾತ್ರ ನಗಲಿಲ್ಲ. "ಸುಮ್ನಿರ್ರಿ ಎಲ್ಲಾರೂ. ಕೃಪಾ, ನೀ ಹೇಳಿದ ನೆರೆನೂ ಖರೇನ. ಆದ್ರ ನಾ ಹೇಳಿದ್ದು ಬಾಜೂ ಮನಿಯವರು ಅಂತ. ಪುಸ್ತಕದಾಗ ಅವರಿಗೂ ನೆರೆಯವರು ಅಂತಾರ. ನಾನ ಬಿಡಿಸಿ ಹೇಳಬೇಕಿತ್ತು. ನೀ ಮಾಡಿದ್ದೇನೂ ತಪ್ಪಲ್ಲವ್ವ. ನಿಮ್ಮ ಬಾಜೂ ಮನ್ಯಾಗ ಯಾರದಾರ?"

"ಸುಗ್ರಾ ಖಾಲಾ ಅದಾರ್ರಿ. ಅವರ ಮಗಳು ಮುನ್ನೀ ಅದಾಳ..."

ಹೇಳುತ್ತ ಹೇಳುತ್ತ ಕೃಪಾಳ ದನಿ ಇಳಿಯಿತು. ಯಾಕೆಂದರೆ ಅವಳು ಕೊಟ್ಟ ಕೌದಿ ಸುಗ್ರಾ ಖಾಲಾನದೇ ಆಗಿತ್ತು.

ಕೃಪಾಳ ಅಜ್ಜಿ ಕೌದಿ ಹೊಲಿಯುವುದರಲ್ಲಿ ಓಣಿಗೇ ಹೆಸರಾದವಳು. ಹಳೆಯ ಸೀರೆ, ಅಂಗಿ, ಲಂಗದ ತುಂಡುಗಳನ್ನು ಜೋಡಿಸಿ, ಪದರದ ಮೇಲೆ ಪದರ ಇಟ್ಟು, ಸಾಸಿವೆಯಷ್ಟು ಸಣ್ಣ ಹೊಲಿಗೆ ಹಾಕುತ್ತಿದ್ದಳು. ಎರಡು ತಿಂಗಳ ಹಿಂದೆ, ಕೃಪಾ ಖಾಲಾ ಅಂದರೆ ಚಿಕ್ಕಮ್ಮ ಎಂದು ಕರೆಯುವ ಸುಗ್ರಾ ಬೇಗಂ ಬಟ್ಟೆಯ ಒಂದು ಗಂಟು ತಂದುಕೊಟ್ಟಿದ್ದರು. ರಾಯಚೂರಿನಲ್ಲಿದ್ದ ಅವರ ಹಿರಿಯ ಮಗಳು ಬಸುರಿ. ಹುಟ್ಟುವ ಕೂಸಿಗೆ ಒಂದು ಕೌದಿ ಬೇಕಾಗಿತ್ತು. ಅಜ್ಜಿ ಅದನ್ನು ಹೊಲಿದು ಮುಗಿಸಿ, ಮಡಚಿ ಟ್ರಂಕಿನ ಮೇಲಿಟ್ಟು, ಮಾನ್ವಿಯ ತಂಗಿಯ ಮನೆಗೆ ಹೋಗಿದ್ದಳು. "ಬಂದ ಮ್ಯಾಲೆ ನಾನ ಕೊಡ್ತೀನಿ" ಎಂದಿದ್ದಳು.

ಬುಧವಾರ ಕೃಪಾ ಶಾಲೆಯ ಕಡೆ ಹೋದಾಗ ಮಳೆ ಓರೆಯಾಗಿ ಬೀಳುತ್ತಿತ್ತು. ಎಲ್ಲರೂ ಕೋಣೆಗಳ ಒಳಗಿದ್ದರು. ದುರುಗಮ್ಮ ಎಂಬ ಹೆಂಗಸು ಮಾತ್ರ ಹೊರಗೆ ವರಾಂಡದಲ್ಲಿ, ಒದ್ದೆ ಸೆರಗಿನಲ್ಲಿ ಕೂಸು ಸುತ್ತಿಕೊಂಡು ಕೂತಿದ್ದಳು.

"ಒಳಗ ಯಾಕ ಕೂತಿಲ್ಲ?" ಎಂದು ಕೃಪಾ ಕೇಳಿದ್ದಳು.

"ಒಳಗ ನಮಗ ಜಾಗ ಇಲ್ಲವ್ವ."

ಕೃಪಾ ಬಗ್ಗಿ ನೋಡಿದಳು. ಅದು ಅವಳದೇ ಕ್ಲಾಸು. ಇನ್ನೂ ಐದು ಜನ ಕಾಲು ಚಾಚಿ ಮಲಗುವಷ್ಟು ಜಾಗ ಇತ್ತು. ಅವಳು ಮತ್ತೇನೂ ಕೇಳದೆ ಮನೆಗೆ ಓಡಿ, ಟ್ರಂಕಿನ ಮೇಲಿನ ಕೌದಿ ತಂದು ಕೊಟ್ಟುಬಿಟ್ಟಿದ್ದಳು. ಖಾಲಾಗೆ ಅಜ್ಜಿ ಇನ್ನೊಂದು ಹೊಲಿದುಕೊಡುತ್ತಾಳೆ. ದೇವರ ಕೆಲಸ ಮಾಡಲು ಯಾರನ್ನು ಕೇಳಬೇಕು?

ಅವತ್ತು ಹಾಗನ್ನಿಸಿತ್ತು.

"ಟೀಚರ್, ನಾ ಹೋಗ್ಲ್ಯಾ?" ಎಂದು ಕೇಳಿದವಳು ಉತ್ತರಕ್ಕೂ ಕಾಯದೆ ಚಪ್ಪಲಿ ಮೆಟ್ಟಿಕೊಂಡು ಓಡಿದಳು.

ಮುನ್ನೀ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಹುರಿದ ಶೇಂಗಾ ತಿನ್ನುತ್ತಿದ್ದಳು. "ಯಾಕಬೇ, ಇವತ್ತ ಲಗೂ ಬಂದಿ? ಪಾದ್ರಿಯವರು ಹೊರಗ ಹಾಕಿದ್ರೇನು?" ಎಂದು ನಕ್ಕಳು.

ಕೃಪಾ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದಳು. ನೆರೆ ಅಂದರೆ ತಾನು ತಿಳಿದದ್ದು, ದುರುಗಮ್ಮನ ಕೂಸು, ಕೌದಿ, ಎಲ್ಲ.

ಮುನ್ನೀಯ ಕೈಯಲ್ಲಿದ್ದ ಶೇಂಗಾ ಕೈಯಲ್ಲೇ ಉಳಿಯಿತು. "ಅದರಾಗ ಅಬ್ಬಾನ ಅಂಗಿ ಅದ" ಎಂದಳು.

"ಯಾವ ಅಂಗಿ?"

"ನೀಲಿ ಚೌಕಡಿದು. ಈದ್‌ಗೆ ಹಾಕ್ಕೋತಿದ್ರಲ್ಲ. ಹುಟ್ಟೋ ಕೂಸು ಅಜ್ಜನ ಮುಖ ನೋಡಂಗಿಲ್ಲ, ಅಜ್ಜನ ಅಂಗ್ಯಾಗರೆ ಮಲಗಲಿ ಅಂತ ಅಮ್ಮೀ ಅದನ್ನ ಕತ್ತರಿಸಿ ಕೊಟ್ಟಿದ್ಲು."

ಮುನ್ನೀಯ ತಂದೆ, ಸೈಕಲ್ ಅಂಗಡಿಯ ಗುಲಾಮ್ ದಸ್ತಗೀರ್, ತೀರಿಕೊಂಡು ಒಂದು ವರ್ಷವಾಗಿತ್ತು. ಕೃಪಾಗೆ ಸೈಕಲ್ ಕಲಿಸಿದವರೂ ಅವರೇ.

"ನನಗ ಬೈಯಬೇ" ಎಂದಳು.

"ಆಮ್ಯಾಲ ಬೈತೀನಿ. ಮದಲ ನಡಿ! ನೀರು ಇಳದಾವಂತ. ಇವತ್ತ ಎಲ್ಲಾರನೂ ಲಾರ್ಯಾಗ ಊರಿಗೆ ಬಿಟ್ಟು ಬರ್ತಾರಂತ."

ಇಬ್ಬರೂ ಓಡಿದರು. ಸಂತೆಬಯಲು ದಾಟುವಾಗ ಕೃಪಾಳ ಚಪ್ಪಲಿ ಕೆಸರಿನಲ್ಲಿ ಸಿಕ್ಕಿಕೊಂಡಿತು. ಕಿತ್ತು ಕೈಯಲ್ಲೇ ಹಿಡಿದುಕೊಂಡಳು.

ಶಾಲೆಯ ಅಂಗಳದಲ್ಲಿ ಲಾರಿ ನಿಂತಿತ್ತು. ಜನ ಗಂಟು, ಕೊಡ, ಕೋಳಿಬುಟ್ಟಿ ಏರಿಸುತ್ತಿದ್ದರು. ದುರುಗಮ್ಮ ವರಾಂಡದಲ್ಲೇ ಇದ್ದಳು. ಕೃಪಾಳನ್ನು ಕಂಡು ಅವಳ ಮುಖ ಅರಳಿತು.

"ಬಂದೇನವ್ವ! ನೋಡು, ನಿನ್ನ ಕೌದಿ ಹೊದ್ದು ನಾಕು ರಾತ್ರಿ ಚಂದಗ ಮಲಗ್ಯಾದ ಕೂಸು. ಕೆಮ್ಮೂ ಹೋತು."

ಕೃಪಾ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಒಂದೂ ಹೊರಗೆ ಬರಲಿಲ್ಲ. ಮುನ್ನೀಯೇ ಹೇಳಿದಳು: "ಆ ಕೌದಿ ನಮ್ಮದ್ರಿ."

ದುರುಗಮ್ಮನ ನಗು ನಿಂತುಹೋಯಿತು. ಅಷ್ಟರಲ್ಲಿ ಕ್ಲಾಸಿನ ಹೊಸ್ತಿಲ ಒಳಗೆ ಗಂಟು ಕಟ್ಟುತ್ತಿದ್ದ ಶರಣಮ್ಮ ಎಂಬ ಮುದುಕಿ ಎಲ್ಲರಿಗೂ ಕೇಳುವಂತೆ ಅಂದಳು: "ನಾ ಅವತ್ತ ಹೇಳಿದ್ದೆ. ಹೊಸಾ ಕೌದಿ ಇವರಿಗೆ ಎಲ್ಲಿಂದ ಬರ್ತದ? ಎಲ್ಲ್ಯೋ ಹಾರಿಸಿಕೊಂಡು ಬಂದಾಳ!"

ಲಾರಿ ಹತ್ತುತ್ತಿದ್ದವರೆಲ್ಲ ತಿರುಗಿ ನೋಡಿದರು. ದುರುಗಮ್ಮ ಕೂಸಿನ ಮೈಮೇಲಿನ ಕೌದಿ ಬಿಚ್ಚತೊಡಗಿದಳು. "ನಾ ಕದ್ದಿಲ್ಲವ್ವ. ನೀನ ತಂದು ಕೊಟ್ಟಿ, ಹೌದಿಲ್ಲ? ಹೇಳವ್ವ, ಇವರಿಗೊಂದು ಮಾತು ಹೇಳು." ಕೂಸು ಎಚ್ಚರವಾಗಿ ಅಳತೊಡಗಿತು.

ಕೃಪಾ ವರಾಂಡದ ಮೆಟ್ಟಿಲು ಹಾರಿ ಮೇಲೆ ನಿಂತಳು. ಸಂಡೇ ಸ್ಕೂಲಿನಲ್ಲಿ ಹೇಳಿದ್ದಕ್ಕಿಂತ ಜೋರಾಗಿ ಹೇಳಿದಳು.

"ಆಕಿ ಕದ್ದಿಲ್ರೀ! ನಾ ಕೊಟ್ಟೀನಿ! ಮಂದಿ ಕೌದಿ ಕೇಳಲಾರ್ದ ತಂದು ಕೊಟ್ಟಾಕಿ ನಾನು. ಕಳ್ಳಿ ಅನ್ನೋದಿದ್ರ ನನಗನ್ರಿ!"

ಲಾರಿಯ ಡ್ರೈವರ್ ಬೀಡಿ ಕೈಯಲ್ಲಿ ಹಿಡಿದುಕೊಂಡು ನೋಡಿದ. ಶರಣಮ್ಮ ಸೆರಗು ಎಳೆದುಕೊಂಡು, "ನಿನಗ ಯಾರು ಏನಂದ್ರು ಬಿಡವ್ವ" ಎಂದು ಗೊಣಗಿದಳು.

ದುರುಗಮ್ಮ ಕೌದಿಯನ್ನು ನೀಟಾಗಿ ಮಡಚಿ ಮುನ್ನೀಗೆ ಕೊಟ್ಟಳು. ಮುನ್ನೀ ಅದನ್ನು ಬಿಡಿಸಿ ಮೂಲೆಯಲ್ಲಿದ್ದ ನೀಲಿ ಚೌಕಡಿ ತುಂಡನ್ನು ಹುಡುಕಿದಳು. ಬೆರಳಿನಿಂದ ಸವರಿದಳು. ಕೂಸು ಬರೀ ಸೆರಗಿನಲ್ಲಿ ಕಾಲು ಮಡಚಿಕೊಂಡು ಅಳುತ್ತಲೇ ಇತ್ತು. ಮುನ್ನೀ ಕೂಸನ್ನು ನೋಡಿದಳು, ತುಂಡನ್ನು ನೋಡಿದಳು. ಏನಾದರೂ ಹೇಳುವ ಹಕ್ಕು ತನಗಿಲ್ಲ ಎಂದು ಕೃಪಾಗೆ ಗೊತ್ತಿತ್ತು.

"ಇದೊಂದು ತುಂಡು ಬಿಚ್ಚಿ ಕೊಡ್ತೀರೇನ್ರಿ?" ಎಂದಳು ಮುನ್ನೀ. "ಉಳಿದದ್ದು ಕೂಸಿಗೆ ಇರ್ಲಿ."

ಅಷ್ಟು ಜನರ ನಡುವೆ ತನ್ನನ್ನು 'ರೀ' ಎಂದು ಕರೆದ ಹುಡುಗಿಯ ಮುಖವನ್ನು ದುರುಗಮ್ಮ ಒಂದು ಗಳಿಗೆ ನೋಡಿದಳು. ಆಮೇಲೆ ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು ದಾರವನ್ನು ಹಲ್ಲಿನಿಂದ ಕಡಿಯತೊಡಗಿದಳು. ಅಜ್ಜಿಯ ಹೊಲಿಗೆ ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ಡ್ರೈವರ್ ಹಾರ್ನ್ ಬಾರಿಸಿದ.

ಹೊಸ್ತಿಲಿನ ಕಡೆಯಿಂದ ಕಾಗದ ಸುತ್ತಿದ ಅರ್ಧ ಬ್ಲೇಡು ನೆಲದ ಮೇಲೆ ಜಾರಿಕೊಂಡು ಬಂತು.

"ಹಲ್ಲಿಲೆ ಎಷ್ಟೊತ್ತು ಕಡೀತಿ?" ಎಂದಳು ಶರಣಮ್ಮ, ಬೇರೆ ಕಡೆ ನೋಡುತ್ತ.

ಬ್ಲೇಡಿನಿಂದ ಹೊಲಿಗೆ ಬಿಚ್ಚಿತು. ತುಂಡು ಬಂದ ಜಾಗದಲ್ಲಿ ಒಳಗಿನ ಪದರ ಕಾಣತೊಡಗಿತು. ಕೃಪಾ ತನ್ನ ಫ್ರಾಕಿನ ಹಿಂದೆ ಗಂಟು ಹಾಕಿದ್ದ ಅಗಲವಾದ ಪಟ್ಟಿಯನ್ನು ಮುಂದಕ್ಕೆ ಎಳೆದು ಬ್ಲೇಡಿನಿಂದ ಕೊಯ್ದಳು.

"ಏ ಹುಚ್ಚಿ! ಚರ್ಚಿಗೆ ಹಾಕ್ಕೊಳ್ಳೋ ಫ್ರಾಕು! ನಿಮ್ಮವ್ವ ಬೈತಾಳ" ಎಂದಳು ಮುನ್ನೀ.

"ಬೈಲಿ." ಕೃಪಾ ಪಟ್ಟಿಯನ್ನು ದುರುಗಮ್ಮನ ಕೈಗಿಟ್ಟಳು. "ಆ ತೂತಿಗೆ ಇದನ್ನ ಹಚ್ಚಿಕೋರಿ."

"ಊರಿಗೆ ಹೋದಕೂಡ್ಲೆ ಹಚ್ಚತೀನಿ ನನ್ನವ್ವ" ಎಂದಳು ದುರುಗಮ್ಮ. ಕೂಸನ್ನು ಕೌದಿಯಲ್ಲಿ ಸುತ್ತಿ ಎದ್ದಳು. ಬ್ಲೇಡಿಗೆ ಮತ್ತೆ ಕಾಗದ ಸುತ್ತಿ, ಹೊಸ್ತಿಲ ಹತ್ತಿರ ನೆಲದ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದಳು.

ಅಲ್ಲಿಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹಿಂದೆ ಸರಿ ಎಂದೂ ಹೇಳಿರಲಿಲ್ಲ. ಕೃಪಾ ಅದನ್ನೇ ನೋಡುತ್ತ ನಿಂತಳು. ಒಳಗೆ ಜಾಗ ಇಲ್ಲ ಎಂದು ದುರುಗಮ್ಮ ಅವತ್ತು ಯಾಕೆ ಹೇಳಿದ್ದಳೆಂದು ಈಗ ತಿಳಿಯಿತು.

ಅವಳು ಬಗ್ಗಿ ಬ್ಲೇಡು ಎತ್ತಿಕೊಂಡು ಶರಣಮ್ಮನ ಕೈಯಲ್ಲೇ ಇಟ್ಟಳು. ಮುದುಕಿಯ ಬೆರಳು ಒಮ್ಮೆ ಹಿಂದೆ ಸರಿದವು, ಆಮೇಲೆ ಮಡಚಿಕೊಂಡವು.

ಎಲ್ಲರೂ ಹತ್ತಿದ ಮೇಲೆ, ಕೊನೆಗೆ ದುರುಗಮ್ಮ ಲಾರಿ ಹತ್ತಿದಳು. ತುದಿಯಲ್ಲಿ ಕೂತಿದ್ದ ಶರಣಮ್ಮ ಪಕ್ಕದಲ್ಲಿದ್ದ ತನ್ನ ಗಂಟನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಒಂದು ಗೇಣು ಜಾಗವಾಯಿತು. ಲಾರಿ ಹೊರಟಿತು.

ಮನೆಯಲ್ಲಿ ಸುಗ್ರಾ ಬೇಗಂ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ಕೃಪಾ ನಿಂತೇ ಎಲ್ಲವನ್ನೂ ಹೇಳಿದಳು. "ತಪ್ಪಾತ್ರಿ ಖಾಲಾ" ಎಂದು ನಡುವೆ ಒಮ್ಮೆ, ಕೊನೆಗೆ ಒಮ್ಮೆ ಹೇಳಿದಳು. ಮುನ್ನೀ ನೀಲಿ ಚೌಕಡಿ ತುಂಡನ್ನು ಅಮ್ಮೀಯ ಮಡಿಲಲ್ಲಿಟ್ಟಳು.

ಸುಗ್ರಾ ಬೇಗಂ ಅದನ್ನು ಅಂಗೈಯಿಂದ ನೀವಿದರು. ಆಮೇಲೆ "ಎಷ್ಟು ತಿಂಗಳ ಕೂಸು?" ಎಂದು ಕೇಳಿದರು.

"ಮೂರು ತಿಂಗಳದು ಇರಬೇಕ್ರಿ."

"ಗಂಡೋ, ಹೆಣ್ಣೋ?"

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಕೇಳ್ಲೇ ಇಲ್ರಿ" ಎಂದಳು ಕೃಪಾ.

ಖಾಲಾನ ತುಟಿಯಂಚಿನಲ್ಲಿ ನಗು ಬಂದಂತಾಗಿ ಹೋಯಿತು. "ಅಂಗಿ ಒಂದ ಅಲ್ಲ ಬೇಟಾ. ಒಳಗಿನ ಪದರ ಪೂರಾ ಅವರ ಲುಂಗಿ. ಕೂಸಿಗೆ ಮೆತ್ತಗಿರ್ತದ ಅಂತ ನಾನ ನಿಮ್ಮಜ್ಜಿಗೆ ಹೇಳಿ ಹಾಕಿಸಿದ್ದೆ."

ಮುನ್ನೀ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅದು ಅವಳಿಗೂ ಗೊತ್ತಿರಲಿಲ್ಲ.

"ನಮ್ಮಪ್ಪಗ ಹೇಳ್ತೀನ್ರಿ! ಬಸ್ಸಿಗೆ ಹೋಗಿ ಆ ಊರಾಗ ಕೇಳಿ..." ಎಂದು ಕೃಪಾ ಬಾಗಿಲ ಕಡೆ ಹೊರಟೇಬಿಟ್ಟಳು.

"ಬ್ಯಾಡ. ಬಾ, ಕೂಡು" ಎಂದರು ಸುಗ್ರಾ ಬೇಗಂ. "ಇಷ್ಟೊತ್ತಿಗೆ ಕೂಸು ಮಲಗಿರ್ತದ."

ಅವರು ತುಂಡನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಅಕ್ಕಿಗೆ ಬಗ್ಗಿದರು. ಕಲ್ಲೇ ಇಲ್ಲದ ಜಾಗದಲ್ಲಿ ಅವರ ಬೆರಳು ಸುಮ್ಮನೆ ಆಡುತ್ತಿದ್ದವು.

'ತಪ್ಪಾತ್ರಿ' ಎಂಬ ಮಾತು ಮತ್ತೆ ಕೃಪಾಳ ಬಾಯಿಗೆ ಬಂತು. ಎರಡು ಸಲ ಹೇಳಿಯಾಗಿತ್ತು. ಮೂರನೆಯ ಸಲ ಹೇಳಿದರೆ ಅದು ಖಾಲಾಗಾಗಿ ಅಲ್ಲ, ತನ್ನ ಸಮಾಧಾನಕ್ಕೇ ಎಂದು ಅವಳಿಗೆ ಅನ್ನಿಸಿತು. ಮಾತನ್ನು ನುಂಗಿಕೊಂಡು ಅವರ ಪಕ್ಕದಲ್ಲಿ ಸುಮ್ಮನೆ ಕೂತಳು.

ಸುಗ್ರಾ ಬೇಗಂ ತಲೆ ಎತ್ತದೆಯೇ ಮೊರವನ್ನು ಅವಳ ಕಡೆಗೆ ಒಂದಿಷ್ಟು ಸರಿಸಿದರು. ಕೃಪಾ ಬಗ್ಗಿ ಕಲ್ಲು ಆರಿಸತೊಡಗಿದಳು.